ಮೊದಲಿಂದೇ ಛಲೋ ಇತ್ತು

"ಮೊದಲಿಂದೇ ಛಲೋ ಇತ್ತು." ತನ್ನದೇ ಹಳೆಯ ದೆವ್ವದ ಚಿತ್ರವನ್ನು ನಿರ್ದೇಶಕನೊಬ್ಬ ದೊಡ್ಡ ದುಡ್ಡಿನಲ್ಲಿ ಮತ್ತೊಮ್ಮೆ ಮಾಡಿದಾಗ ಅಭಿಮಾನಿಗಳ ಬಾಯಿಂದ ಮೊದಲು ಹೊರಡುವ ಮಾತಿದು. ಬಹಳ ಸಲ ಚರ್ಚೆ ಅಲ್ಲಿಗೇ ಮುಗಿದುಹೋಗುತ್ತದೆ. ಆದರೆ ಬೀದರ, ಭಾಲ್ಕಿ, ಔರಾದಿನಲ್ಲಿ ಕೂತು ಇದೇ ಮಾತು ಆಡಿ ನೋಡಿ, ಎದುರಿಗಿದ್ದವರು ತಿರುಗಿ ಕೇಳುತ್ತಾರೆ: "ಮೊದಲಿಂದು ಅಂದ್ರ ಯಾವುದ್ರಿ? ತೆಲುಗಿಂದಾ, ಮರಾಠಿದಾ, ಹಿಂದಿದಾ?" ಇಲ್ಲಿ ಒಬ್ಬನಿಗೆ ಯಾವ ಚಿತ್ರ ಮೊದಲು ಸಿಕ್ಕಿತು ಎಂಬುದು ಬಿಡುಗಡೆಯ ಇಸವಿಯ ಮೇಲೆ ನಿಂತಿರುವುದಿಲ್ಲ. ಅವನ ಸೋದರಮಾವ ಯಾವ ಊರಲ್ಲಿದ್ದಾನೆ, ಮನೆಮಂದಿ ದವಾಖಾನೆಗೆ ಎಲ್ಲಿಗೆ ಹೋಗುತ್ತಾರೆ ಎಂಬುದರ ಮೇಲೆ ನಿಂತಿರುತ್ತದೆ.

ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್, ಹೈದರಾಬಾದಿಗೆ 140ರ ಆಸುಪಾಸು. ಭಾಲ್ಕಿಯಿಂದ ರೈಲಿನಲ್ಲಿ ಉದಗೀರಿಗೆ ಹೋಗಿ ಸಂಜೆಯೊಳಗೆ ವಾಪಸಾಗಬಹುದು. ಔರಾದಿಗೆ ರೈಲಿಲ್ಲ, ಆದರೆ ಬಸ್ಸು ಹತ್ತಿದರೆ ದೇಗಲೂರು ದೂರವಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ, ಬೀಗರ ಮನೆಗೆ ಹೋದರೆ ಮರಾಠಿ ಇಲ್ಲವೇ ತೆಲುಗು. ಕರ್ನಾಟಕದಲ್ಲಿ 1960ರ ದಶಕದಿಂದ ಕನ್ನಡ ಡಬ್ಬಿಂಗಿಗೆ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಡುವತನಕ ಬೇರೆ ಭಾಷೆಯ ಕತೆ ಕನ್ನಡಕ್ಕೆ ಬರಲು ರೀಮೇಕೊಂದೇ ದಾರಿ. ಬೀದರಿನವರಿಗೆ ಆ ದಾರಿಯ ಹಂಗಿರಲಿಲ್ಲ. ತೆಲುಗಿನದನ್ನು ತೆಲುಗಿನಲ್ಲೇ, ಹಿಂದಿಯದನ್ನು ಹಿಂದಿಯಲ್ಲೇ ನೋಡಿ ಮುಗಿಸಿ, ಅದರ ಕನ್ನಡ ರೀಮೇಕ್ ಬಂದಾಗ ಪರೀಕ್ಷೆ ಪೇಪರ್ ತಿದ್ದುವ ಮಾಸ್ತರರ ಹಾಗೆ ಕೂರುತ್ತಿದ್ದರು. ರೀಮೇಕಿನ ಬಗ್ಗೆ ತೀರ್ಪು ಕೊಡಲು ಇವರಿಗಿರುವ ಯೋಗ್ಯತೆ ಮೈಸೂರಿನವರಿಗೂ ಇಲ್ಲ, ಮುಂಬಯಿಯವರಿಗೂ ಇಲ್ಲ ಎಂದು ನನ್ನ ಅನಿಸಿಕೆ.

ಅಭಿಮಾನಿಗಳು ತಮ್ಮ ಮಾತಿಗೆ ಸಾಮಾನ್ಯವಾಗಿ ಕೊಡುವ ಕಾರಣ ಬಡತನದ್ದು. ದುಡ್ಡಿರಲಿಲ್ಲ, ಹಾಗಾಗಿ ನಿರ್ದೇಶಕ ತಲೆ ಓಡಿಸಿದ. ದುಡ್ಡು ಬಂತು, ತಲೆ ನಿಂತಿತು. ಕೇಳಲು ಚಂದವಾದ ವಾದ. ಆದರೆ ಬಡತನದಲ್ಲಿ ತೆಗೆದ ಸಾಲು ಸಾಲು ಕೆಟ್ಟ ದೆವ್ವದ ಚಿತ್ರಗಳನ್ನು ನಾವೇ ನೋಡಿದ್ದೇವಲ್ಲ? ಟಿವಿ, ವಿಸಿಆರ್ ಬಾಡಿಗೆಗೆ ತಂದು ಓಣಿಯಲ್ಲಿ ರಾತ್ರಿಯಿಡೀ ಹಾಕುತ್ತಿದ್ದ ಕಾಲದಲ್ಲಿ ರಾಮ್ಸೆ ಸಹೋದರರ ಚಿತ್ರಗಳಿಗೆ ಬರವಿರಲಿಲ್ಲ. 1984ರ 'ಪುರಾನಾ ಮಂದಿರ್' ನೋಡಿ ಹೆದರಿದವರಿಗಿಂತ ನಕ್ಕವರು ಕಡಿಮೆಯೇನಿರಲಿಲ್ಲ. (ರಾಮ್ಸೆಯವರು ತಮ್ಮ ಚಿತ್ರವನ್ನು ತಾವೇ ರೀಮೇಕ್ ಮಾಡುವ ಗೋಜಿಗೆ ಹೋಗಬೇಕಿರಲಿಲ್ಲ, ಪ್ರತಿ ಸಲವೂ ಅದೇ ಚಿತ್ರವನ್ನೇ ತೆಗೆಯುತ್ತಿದ್ದರು.) ಬಡತನ ಭಯ ಹುಟ್ಟಿಸುವುದಿಲ್ಲ. ದುಡ್ಡು ಬಂದಾಗ ಭಯ ಹೋಗುವುದು ಮಾತ್ರ ನಿಜ. ಹೋಗುವುದು ಯಾಕೆಂಬುದು ಬೇರೆ ಲೆಕ್ಕ.

ಈ ಲೆಕ್ಕಕ್ಕೆ ತೀರ ಹತ್ತಿರದ ಉದಾಹರಣೆ ಔರಾದಿನ ಗಡಿಯಾಚೆಯದು. ವಿಶಾಲ್ ಫುರಿಯಾ ಅವರ ಮರಾಠಿ ಚಿತ್ರ 'ಲಪಾಛಪಿ' 2017ರಲ್ಲಿ ಚಿತ್ರಮಂದಿರಕ್ಕೆ ಬಂತು. ಸಣ್ಣ ಚಿತ್ರ, ಹೆಚ್ಚುಕಡಿಮೆ ಒಂದು ಮನೆ, ಒಂದು ಹೊಲ, ಬೆರಳೆಣಿಕೆಯ ಪಾತ್ರಗಳು. ಸಾಲಗಾರರಿಂದ ತಪ್ಪಿಸಿಕೊಳ್ಳಲು ಗಂಡ ದಿನ ತುಂಬುತ್ತಿರುವ ಹೆಂಡತಿಯನ್ನು ಕರೆದುಕೊಂಡು ತನ್ನ ಡ್ರೈವರನ ಊರಿಗೆ ಬರುತ್ತಾನೆ. ಸುತ್ತ ಕಬ್ಬು, ನಡುವೆ ಮನೆ. ಮನೆಯ ಯಜಮಾನಿ ತುಳಸಾಬಾಯಿ. ಕಬ್ಬಿನ ಸಂದಿಯಲ್ಲಿ ಮಕ್ಕಳು ಓಡಾಡುತ್ತವೆ, ಬಸುರಿ ನೇಹಾಳನ್ನು ಆಟಕ್ಕೆ ಕರೆಯುತ್ತವೆ. ಆ ಮನೆಯಲ್ಲಿ ಹಿಂದೆ ಹೆಣ್ಣು ಕೂಸುಗಳಿಗೆ ಏನಾಗಿತ್ತು ಎಂಬುದೇ ಕತೆ. ಇದೇ ಕತೆಯನ್ನು ಫುರಿಯಾ 2021ರಲ್ಲಿ 'ಛೋರಿ' ಎಂಬ ಹೆಸರಿನಲ್ಲಿ ಹಿಂದಿಗೆ ತಂದರು. ನುಸ್ರತ್ ಭರೂಚಾ ನಾಯಕಿ, ಯಜಮಾನಿಯ ಪಾತ್ರಕ್ಕೆ ಮೀತಾ ವಸಿಷ್ಠ. ಅಮೆಜಾನ್ ಪ್ರೈಮಿನಲ್ಲಿ ಬಂದದ್ದರಿಂದ ಮರಾಠಿ ಚಿತ್ರದ ಹೆಸರು ಕೇಳದವರ ಮೊಬೈಲಿಗೂ ಅದು ತಲುಪಿತು.

ಭಾಲ್ಕಿ ಸೀಮೆಯವರಿಗೆ ಕಬ್ಬಿನ ಹೊಲದ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಆಳೆತ್ತರ ದಾಟಿದ ಕಬ್ಬಿನೊಳಗೆ ನಾಲ್ಕು ಸಾಲು ಹೋದರೆ ದಿಕ್ಕು ತಪ್ಪುತ್ತದೆ. ಗಾಳಿ ನಿಂತಾಗಲೂ ಒಣಗಿದ ರವದಿ ಸರಸರ ಅನ್ನುತ್ತದೆ. ಹಂದಿಯೋ, ಹಾವೋ, ಮನುಷ್ಯನೋ ತಿಳಿಯುವುದಿಲ್ಲ. ಗರಿಯ ಅಂಚು ಮುಂಗೈಯನ್ನು ಸಣ್ಣಗೆ ಕೊಯ್ಯುತ್ತದೆ, ಬೆವರು ತಾಗಿದಾಗಲೇ ಉರಿ ಗೊತ್ತಾಗುವುದು. ಸಂಜೆಯ ಮೇಲೆ ಆ ಕಡೆ ಹೋಗಬೇಡ ಎಂದು ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೇಳುವಾಗ ಯಾರೂ ದೆವ್ವದ ಹೆಸರು ಎತ್ತುವುದಿಲ್ಲ. ಕಡಿಯುವ ಟೋಳಿಗಳು ಬಂದು ಹೋದ ಮೇಲೆ ಹೊಲ ಬೋಳಾಗುತ್ತದೆ. ಇಷ್ಟು ದಿನ ಹೆದರಿಸಿದ ಜಾಗ ಎಷ್ಟು ಸಣ್ಣದು ಎಂದು ಆಗ ಕಾಣುತ್ತದೆ. ಕೂಳೆ ಕಬ್ಬು ಎದ್ದಾಗ ಮತ್ತೆ ಅದೇ ಎಚ್ಚರ.

'ಲಪಾಛಪಿ'ಗೆ ಈ ತಿಳಿವಳಿಕೆಯಿದೆ. ಹೊಲ ಅಲ್ಲಿ ದೆವ್ವದ ಮನೆಯಾಗುವ ಮೊದಲು ಬರೀ ಹೊಲ. 'ಛೋರಿ'ಯಲ್ಲಿ ಹೊಲವನ್ನು ಎತ್ತರದಿಂದ, ಬಿಡಿಸಿದ ಚಕ್ರವ್ಯೂಹದಂತೆ ತೋರಿಸುತ್ತಾರೆ. ನೋಡಲು ಸೊಗಸು, ಛಾಯಾಗ್ರಹಣಕ್ಕೆ ಮೆಚ್ಚುಗೆಯೂ ಸಿಕ್ಕಿತು. ಆದರೆ ಮೇಲಿನಿಂದ ನೋಡಿದವನಿಗೆ ಹೊಲದ ಹೆದರಿಕೆ ಎಲ್ಲಿಯದು? ಒಳಗೆ ಸಿಕ್ಕಿಕೊಂಡವಳ ಕಣ್ಣಿಗೆ ಮುಂದಿನ ಮೂರು ಕೋಲು ಬಿಟ್ಟರೆ ಏನೂ ಕಾಣುವುದಿಲ್ಲ. ಪ್ರೇಕ್ಷಕನಿಗೆ ಆಕೆಗಿಂತ ಹೆಚ್ಚು ಕಂಡೊಡನೆ ಅವನು ಆಕೆಯ ಪಕ್ಕದಿಂದ ಎದ್ದು ಬಾಲ್ಕನಿಗೆ ಹೋಗಿ ಕೂತಂತೆ.

ಇನ್ನೂ ದೊಡ್ಡ ವ್ಯತ್ಯಾಸ ಯಜಮಾನಿಯ ಪಾತ್ರದ್ದು. ಮರಾಠಿಯಲ್ಲಿ ಉಷಾ ನಾಯಿಕ್ ಅವರ ತುಳಸಾಬಾಯಿ ಮೊದಲು ನಮಗೆ ಪರಿಚಯದ ಹೆಂಗಸು. ಬಸುರಿಗೆ ಉಣ್ಣಲು ಹಾಕುತ್ತಾಳೆ, ಅದನ್ನು ಮಾಡು ಇದನ್ನು ಮಾಡಬೇಡ ಅನ್ನುತ್ತಾಳೆ, ದೃಷ್ಟಿಯ ಮಾತಾಡುತ್ತಾಳೆ. ಔರಾದಿನ ಯಾವ ಮನೆಯಲ್ಲಿ ಇಂಥ ಅತ್ತೆಯಿಲ್ಲ, ದೊಡ್ಡಮ್ಮನಿಲ್ಲ? ಆ ಕಾಳಜಿಯೊಳಗಿಂದಲೇ ಕೊಲೆಯ ವಾಸನೆ ಹೊರಡುವುದರಿಂದ ಹೊಟ್ಟೆಯಲ್ಲಿ ಚಳುಕು ಏಳುತ್ತದೆ. ಭ್ರೂಣಲಿಂಗ ಪತ್ತೆಗೆ ತಡೆ ಹಾಕಿದ ಕಾಯ್ದೆ ಬಂದದ್ದು 1994ರಲ್ಲಿ. ಅದಾಗಿ ಎರಡು ದಶಕಗಳ ಮೇಲೂ ಈ ಕತೆ ಹಳತಾಗಲಿಲ್ಲವೆಂದರೆ, ತುಳಸಾಬಾಯಿ ಗಂಡುಕೂಸು ಬೇಕೆನ್ನುವ ದನಿಯನ್ನು ನಾವು ಮನೆಯೊಳಗೇ ಕೇಳಿದ್ದೇವೆ ಎಂಬ ಕಾರಣಕ್ಕೆ. ಮೀತಾ ವಸಿಷ್ಠ ಸಣ್ಣ ನಟಿಯಲ್ಲ. ಆದರೆ ಅವರ ಭನ್ನೋದೇವಿ ಬಾಗಿಲು ತೆಗೆದ ಕ್ಷಣದಿಂದಲೇ ಹೆದರಿಸುವ ಕೆಲಸಕ್ಕೆ ನಿಂತಿದ್ದಾಳೆ. ಇಂಥವಳ ಮನೆಯಲ್ಲಿ ಯಾವ ಬಸುರಿ ಒಂದು ರಾತ್ರಿ ಉಳಿದಾಳು?

ಹಾಗೆಂದು ಫುರಿಯಾ ತಮ್ಮ ಚಿತ್ರವನ್ನು ಕೆಡಿಸಿದರೆಂದು ನಾನು ಹೇಳುವುದಿಲ್ಲ. ಕತೆಯ ಬೆನ್ನೆಲುಬನ್ನು ಅವರು ಬಿಟ್ಟುಕೊಡಲಿಲ್ಲ. ಹಾಡು ತುರುಕಲಿಲ್ಲ, ನಾಯಕಿಯನ್ನು ಕಾಪಾಡಲು ನಾಯಕನೊಬ್ಬನನ್ನು ಕಳಿಸಲಿಲ್ಲ. ಔರಾದಿನಲ್ಲಿ ಹಿಂದಿಯದನ್ನು ಮೊದಲು ನೋಡಿ, ಆಮೇಲೆ ಮರಾಠಿಯದನ್ನು ನೋಡಿದ ಹುಡುಗರಿಗೆ ಮರಾಠಿಯೇ ನಿಧಾನವೆನಿಸಿದ್ದುಂಟು, ಅದೇ ನಕಲೆಂದು ವಾದ ಮಾಡಿದ್ದೂ ಉಂಟು. ಅವರಿಗೆ ಮೊದಲು ಹೆದರಿಸಿದ್ದೇ ಮೂಲ. ಅಭಿಮಾನದಲ್ಲಿ ಅರ್ಧ ಪಾಲು ನಾವು ಮೊದಲು ಹೆದರಿದ ರಾತ್ರಿಯ ಮೇಲಿನ ಮೋಹ. ಅದನ್ನು ಕಳೆದು ಉಳಿದ ಅರ್ಧವನ್ನು ತೂಗುವುದು ವಿಮರ್ಶೆಯ ಕೆಲಸ.

ಕನ್ನಡದ ಉದಾಹರಣೆಗೆ ಬರೋಣ. ಪವನ್ ಕುಮಾರ್ ಅವರ 'ಯೂ ಟರ್ನ್' 2016ರ ಮೇ ತಿಂಗಳಲ್ಲಿ ಬಂತು. ಅದಕ್ಕೆ ಹಿಂದಿನ 'ಲೂಸಿಯಾ' (2013) ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿಸಿದ ಚಿತ್ರ, ಆದ್ದರಿಂದ ಪವನ್ ಮೇಲೆ ಅಭಿಮಾನಿಗಳಿಗೆ ಒಂದು ಬಗೆಯ ಹಕ್ಕಿನ ಭಾವನೆ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಲ್ಲಿ ಬೈಕಿನವರು ಡಿವೈಡರ್ ಕಲ್ಲು ಸರಿಸಿ, ನಡುವೆಯೇ ತಿರುಗಿಸಿಕೊಂಡು ಹೋಗುತ್ತಾರೆ. ಸರಿಸಿದ ಕಲ್ಲು ದಾರಿಯಲ್ಲೇ ಉಳಿಯುತ್ತದೆ. ಅಲ್ಲೇ ಕೂತಿರುವ ನಿರ್ಗತಿಕನೊಬ್ಬ ಗಾಡಿ ನಂಬರುಗಳನ್ನು ಬರೆದುಕೊಡುತ್ತಾನೆ. ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿರುವ ರಚನಾ ಆ ನಂಬರು ಹಿಡಿದು ಹೋದರೆ, ತಿರುಗಿದವರೆಲ್ಲ ಅದೇ ದಿನ ಸತ್ತಿದ್ದಾರೆ. ಇಷ್ಟು ಸಣ್ಣ ನಾಗರಿಕ ತಪ್ಪಿನಿಂದ ಇಷ್ಟು ದೊಡ್ಡ ಭಯ ಎಬ್ಬಿಸಿದ ಕನ್ನಡ ಚಿತ್ರ ನನಗೆ ಬೇರೆ ನೆನಪಾಗುವುದಿಲ್ಲ. ರಚನಾ ಪಾತ್ರ ಮಾಡಿದ ಶ್ರದ್ಧಾ ಶ್ರೀನಾಥ್ ಕನ್ನಡಕ್ಕೆ ಹೊಸಮುಖ. ಈ ಚಿತ್ರಕ್ಕೇ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

2018ರ ಸೆಪ್ಟೆಂಬರಿನಲ್ಲಿ ಪವನ್ ಅದನ್ನೇ ತೆಲುಗು ಮತ್ತು ತಮಿಳಿನಲ್ಲಿ ಒಟ್ಟಿಗೆ ಮಾಡಿದರು. ಸಮಂತಾ, ಆದಿ ಪಿನಿಶೆಟ್ಟಿ, ಭೂಮಿಕಾ ಚಾವ್ಲಾ. ಬೆಳಕು ಚೊಕ್ಕ, ಸದ್ದು ಗಟ್ಟಿ. ಇಲ್ಲೊಂದು ವಿಚಿತ್ರ ಗಮನಿಸಬೇಕು. ಬೀದರಿನ ಬಹುಪಾಲು ಮಂದಿ ಬೆಂಗಳೂರಿನ ಡಬಲ್ ರೋಡ್ ಕಂಡವರಲ್ಲ. ಹೈದರಾಬಾದಿನ ಫ್ಲೈಓವರುಗಳು ಮಾತ್ರ ಅವರಿಗೆ ಅಂಗೈಗೆರೆ. ದವಾಖಾನೆಗೆ, ಮದುವೆ ಜವಳಿಗೆ, ಮಕ್ಕಳ ಕಾಲೇಜಿಗೆ ಅಲ್ಲಿಗೇ ಹೋಗುವುದು. ಕನ್ನಡ ಚಿತ್ರದ ಭಯ 700 ಕಿಲೋಮೀಟರ್ ದೂರದಲ್ಲಿತ್ತು, ತೆಲುಗು ರೀಮೇಕ್ ಅದನ್ನು ಪಕ್ಕಕ್ಕೆ ತಂದು ನಿಲ್ಲಿಸಿತು. ಸಣ್ಣ ಕನ್ನಡ ಚಿತ್ರಗಳು ನಮ್ಮ ಕಡೆಯ ಟಾಕೀಸುಗಳಿಗೆ ಬರುವುದೇ ಅಪರೂಪ ಎಂಬುದನ್ನೂ ಸೇರಿಸಿಕೊಂಡರೆ, ಇಲ್ಲಿ ತೆಲುಗಿನದೇ ಗೆಲ್ಲಬೇಕಿತ್ತು. ಗೆಲ್ಲಲಿಲ್ಲ. ಯಾಕೆಂದು ಭಾಲ್ಕಿಯ ಚಹಾದಂಗಡಿಯಲ್ಲಿ ಕಿವಿಗೆ ಬಿದ್ದ ಎರಡು ಸಾಲಿನಷ್ಟು ಚೆನ್ನಾಗಿ ನಾನು ಹೇಳಲಾರೆ.

"ಕಾಕಾ, ತೆಲುಗಿಂದು ನೋಡ್ರಿ, ಸಮಂತಾ ಅದಾಳ."

"ಸಮಂತಾ ಅದಾಳಂದ್ರ ಆಕಿಗೇನೂ ಆಗಂಗಿಲ್ಲ ಬಿಡೋ."

ದುಡ್ಡು ಬಂದಾಗ ಮೊದಲು ಕೊಳ್ಳುವುದು ತಾರೆಯನ್ನು. ತಾರೆ ಎಂದರೆ ವಿಮೆ ಮಾಡಿಸಿದ ಜೀವ. ಆಕೆ ಸಾಯುವುದಿಲ್ಲ, ಆತ ಸೋಲುವುದಿಲ್ಲ ಎಂದು ಟಿಕೆಟ್ ಕೊಳ್ಳುವಾಗಲೇ ನಮಗೆ ಗೊತ್ತು. ಶ್ರದ್ಧಾ ಶ್ರೀನಾಥ್ ಪೊಲೀಸ್ ಠಾಣೆಯಲ್ಲಿ ಕೂತಾಗ ಈ ಹುಡುಗಿಯ ಗತಿಯೇನೋ ಎಂಬ ಅನುಮಾನ ನಿಜವಾಗಿ ಇತ್ತು. ಪರಿಚಯವಿಲ್ಲದ ಮುಖಕ್ಕೆ ಏನು ಬೇಕಾದರೂ ಆಗಬಹುದು. ಸಮಂತಾ ಅದೇ ಜಾಗದಲ್ಲಿ ಕೂತಾಗ, ಒಳ್ಳೆಯ ನಟನೆ ನೋಡುತ್ತ ಕೂರುತ್ತೇವೆ. ಅವರ ಅಭಿನಯದಲ್ಲಿ ಹುಳುಕಿಲ್ಲ, ನಮ್ಮ ತಲೆಯಲ್ಲಿರುವ ಅವರ ಉಳಿದ ಚಿತ್ರಗಳೇ ಅಡ್ಡ ಬರುತ್ತವೆ. 2023ರಲ್ಲಿ ಬೇರೆ ನಿರ್ದೇಶಕರು ಅಲಾಯಾ ಎಫ್ ಅವರನ್ನು ಹಾಕಿ ಹಿಂದಿಯಲ್ಲೂ ಮಾಡಿದರು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಈ ವಿಮೆಯ ಕಂತು ಎಷ್ಟು ದುಬಾರಿ ಎಂದು ರಾಘವ ಲಾರೆನ್ಸ್ ತೋರಿಸಿಕೊಟ್ಟರು. 2011ರ ಅವರ ತಮಿಳು 'ಕಾಂಚನಾ' ಗದ್ದಲದ ಚಿತ್ರ, ನಾಜೂಕು ಕಡಿಮೆ. ಆದರೆ ಅದರ ನಾಯಕ ಪುಕ್ಕಲ. ಕತ್ತಲಾದರೆ ಅಮ್ಮನ ಸೆರಗು ಹಿಡಿಯುತ್ತಾನೆ, ರಾತ್ರಿ ಬಚ್ಚಲಿಗೂ ಒಬ್ಬನೇ ಹೋಗಲಾರ. ಅಂಥವನ ಮೈಮೇಲೆ ಮಂಗಳಮುಖಿಯ ಆತ್ಮ ಬಂದು ನಿಂತಾಗ ನಗುವೂ ಭಯವೂ ಒಟ್ಟಿಗೆ ಹುಟ್ಟುತ್ತವೆ. ಅದರ ತೆಲುಗು ರೂಪ ನಮ್ಮ ಕಡೆ ಮನೆಮಾತಾಯಿತು. ಮರುವರ್ಷ ಉಪೇಂದ್ರ, ಸಾಯಿಕುಮಾರ್ ಜೋಡಿಯಲ್ಲಿ 'ಕಲ್ಪನಾ' ಎಂದು ಕನ್ನಡಕ್ಕೂ ಬಂತು. ಲಾರೆನ್ಸ್ ತಾವೇ ಹಿಂದಿಗೆ ಹೋಗಿ ಅಕ್ಷಯ್ ಕುಮಾರ್ ಅವರನ್ನು ಹಾಕಿ 2020ರ ನವೆಂಬರಿನಲ್ಲಿ 'ಲಕ್ಷ್ಮಿ' ಕೊಟ್ಟಾಗ ಪುಕ್ಕಲ ಮಾಯವಾಗಿದ್ದ. ಹಿಂದಿಯ ನಾಯಕ ಢೋಂಗಿ ಬಾಬಾಗಳ ಬಣ್ಣ ಬಯಲು ಮಾಡುವ ಧೀರ, ದೆವ್ವ ಕಂಡರೆ ಬಳೆ ತೊಟ್ಟೇನು ಎಂದು ಸವಾಲು ಹಾಕುವವ. ಅಕ್ಷಯ್ ಕುಮಾರ್ ಅಮ್ಮನ ಸೆರಗು ಹಿಡಿದರೆ ಮಾರುಕಟ್ಟೆ ಒಪ್ಪುವುದಿಲ್ಲವಲ್ಲ. ಅಲ್ಲಿಗೆ ಕತೆಯ ಕೀಲೇ ಕಳಚಿತು. ಒಟಿಟಿಯಲ್ಲಿ ಬಂದ ಆ ಚಿತ್ರಕ್ಕೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ, ಮತ್ತು ಈ ಸಲ ಅಭಿಮಾನಿಗಳು ಹೇಳಿದ್ದು ಅಕ್ಷರಶಃ ಸರಿ.

ದೊಡ್ಡ ತಾರೆಯಿದ್ದರೆ ಭಯ ಸಾಧ್ಯವೇ ಇಲ್ಲವೇ? ಹೈದರಾಬಾದಿನಿಂದ ಬೆಳೆದ ರಾಮ್ ಗೋಪಾಲ್ ವರ್ಮಾ ಇದಕ್ಕೆ ಉತ್ತರ ಕೊಟ್ಟಿದ್ದಾರೆ. 1992ರಲ್ಲಿ ರೇವತಿಯನ್ನು ಹಾಕಿ 'ರಾತ್' ಮಾಡಿದರು, ತೆಲುಗಿನಲ್ಲಿ ಅದೇ 'ರಾತ್ರಿ'. ಹೊಸ ಮನೆ, ಮನೆಯ ಹೆಣ್ಣಿನ ಮೈಮೇಲೆ ಬರುವ ಆತ್ಮ. 2003ರ 'ಭೂತ್' ರೀಮೇಕೆಂದು ಹೆಸರಿಟ್ಟುಕೊಳ್ಳದಿದ್ದರೂ ಎಳೆ ಅದೇ. ಮನೆ ಹೋಗಿ ಮುಂಬಯಿಯ ಫ್ಲ್ಯಾಟ್ ಬಂತು, ಊರ್ಮಿಳಾ, ಅಜಯ್ ದೇವಗನ್ ಬಂದರು. ಹಾಡಿಲ್ಲ. ದೇವಗನ್ ಒಂದೇ ಒಂದು ಏಟು ಹೊಡೆಯುವುದಿಲ್ಲ. ಹೆಂಡತಿ ರಾತ್ರಿ ಎದ್ದು ಓಡಾಡುವುದನ್ನು ನೋಡಿಕೊಂಡು ಏನು ಮಾಡಲೂ ತೋಚದೆ ನಿಲ್ಲುವ ಸಾಮಾನ್ಯ ಗಂಡ. ತಾರೆಯನ್ನು ಕೊಂಡು ತಂದರೂ ಅವನ ವಿಮೆಯನ್ನು ಹರಿದು ಹಾಕುವ ಧೈರ್ಯ ನಿರ್ದೇಶಕನಿಗಿತ್ತು. ಎರಡನ್ನೂ ನೋಡಿದ ಬೀದರಿನ ಹಳಬರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ, ನನ್ನ ಮತ ಮಾತ್ರ 'ಭೂತ್' ಕಡೆಗೆ. ಜಪಾನಿನ ತಕಾಶಿ ಶಿಮಿಜು 2004ರಲ್ಲಿ ತಮ್ಮ 'ಜು-ಆನ್' ಅನ್ನು ಅಮೆರಿಕದ ದುಡ್ಡಿನಲ್ಲಿ 'ದ ಗ್ರಡ್ಜ್' ಎಂದು ಮಾಡಿದಾಗ ನಾಯಕಿಯನ್ನು ಬದಲಿಸಿದರು, ದೆವ್ವದ ಪಾತ್ರಕ್ಕೆ ಮಾತ್ರ ಹಳೆಯ ತಕಾಕೊ ಫುಜಿಯನ್ನೇ ಇಟ್ಟುಕೊಂಡರು, ಊರನ್ನೂ ಟೋಕಿಯೋದಿಂದ ಕದಲಿಸಲಿಲ್ಲ. ಏನು ಮಾರಬಹುದು, ಏನು ಮಾರಬಾರದು ಎಂಬುದು ಆತನಿಗೆ ಗೊತ್ತಿತ್ತು.

'ಆಪ್ತಮಿತ್ರ'ದ ಮಾತು ಎತ್ತದೆ ಈ ಚರ್ಚೆಯಿಂದ ಎದ್ದು ಹೋಗಲು ಇಲ್ಲಿ ಯಾರೂ ಬಿಡುವುದಿಲ್ಲ. ಅದು ಕಡಿಮೆ ದುಡ್ಡಿನ ಚಿತ್ರವೂ ಅಲ್ಲ, ಕತೆ ಪಿ. ವಾಸು ಅವರದೂ ಅಲ್ಲ. 1993ರ ಮಲಯಾಳಂ 'ಮಣಿಚಿತ್ರತಾಳ್'ನದು. ಆದರೂ 2004ರ ಆಗಸ್ಟಿನಲ್ಲಿ ಕನ್ನಡದಲ್ಲಿ ಮಾಡಿದ್ದನ್ನು ವಾಸು 2005ರ ಏಪ್ರಿಲಿನಲ್ಲಿ ರಜನೀಕಾಂತರನ್ನು ಹಾಕಿ 'ಚಂದ್ರಮುಖಿ' ಎಂದು ತಾವೇ ಮತ್ತೆ ಮಾಡಿದರು. ಸೌಂದರ್ಯಾ ಮೇಲೋ ಜ್ಯೋತಿಕಾ ಮೇಲೋ ಎಂಬ ಜಗಳ ಅಲ್ಲಿಂದ ಶುರು. ಬೀದರಿನಲ್ಲಿ ಇದು ಎರಡು ಪಕ್ಷದ ಜಗಳವಲ್ಲ, ಹಿಂದಿ ರೀಮೇಕ್ 'ಭೂಲ್ ಭುಲೈಯಾ'ದ ವಿದ್ಯಾ ಬಾಲನ್ ಕಡೆಯವರೂ ಸೇರಿ ಮೂರಾಗುತ್ತದೆ. ನಟನೆಯ ತೂಕ ಬದಿಗಿಡಿ. ಸೌಂದರ್ಯಾ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು 2004ರ ಏಪ್ರಿಲ್ 17ರಂದು, ಕರೀಂನಗರಕ್ಕೆ ಹೊರಟಾಗ. ತೆಲುಗು ಚಿತ್ರಗಳಿಂದ ಅವರನ್ನು ವರ್ಷಗಟ್ಟಲೆ ಮನೆಮಗಳಂತೆ ಕಂಡಿದ್ದ ಈ ಸೀಮೆಯವರು ನಾಲ್ಕು ತಿಂಗಳ ಮೇಲೆ ತೆರೆಯಲ್ಲಿ ನೋಡಿದ್ದು, ಸತ್ತವಳೊಬ್ಬಳು ಮೈಮೇಲೆ ಬಂದ ಹೆಣ್ಣಿನ ಪಾತ್ರದಲ್ಲಿ. ಅದನ್ನು ಯಾವ ನಿರ್ದೇಶಕ, ಎಷ್ಟು ಕೋಟಿ ಕೊಟ್ಟು, ಮರಳಿ ಮಾಡಿಯಾನು?

ಇನ್ನು ದೆವ್ವ ಆಡುವ ಭಾಷೆ. ಮಲಯಾಳದ ಮನೆಯಲ್ಲಿ ದೆವ್ವ ತಮಿಳು ಮಾತಾಡಿತು. ಕನ್ನಡದಲ್ಲಿ ನಾಗವಲ್ಲಿ ತೆಲುಗಿನವಳು, ತಮಿಳಿನ ಚಂದ್ರಮುಖಿಯೂ ತೆಲುಗಿನವಳೇ. ತೆಲುಗಿಗೆ ಡಬ್ ಆದಾಗ ಅವಳು ತಮಿಳಿಗೆ ತಿರುಗಿದಳು. ಹಿಂದಿಯ ಮಂಜುಲಿಕಾ ಬಂಗಾಳಿ. ಪಕ್ಕದ ಭಾಷೆ ಅರ್ಧ ಮಾತ್ರ ತಿಳಿದಾಗ ಹುಟ್ಟುವ ಅಳುಕು ಈ ಉಪಾಯದ ಬಂಡವಾಳ. ಮಂಡ್ಯದಲ್ಲಿ ಇದು ಕೆಲಸ ಮಾಡಿತು. ಬೀದರಿನ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಭಾಷೆ ಆಡುವ ದೆವ್ವಕ್ಕೆ ಯಾರು ಹೆದರುತ್ತಾರೆ? ಇಲ್ಲಿ ನಿಜಕ್ಕೂ ಮೈ ಜುಂ ಅನ್ನಿಸಿದ್ದು ಬಂಗಾಳಿ ದೆವ್ವ, ಒಂದಕ್ಷರ ತಿಳಿಯದ್ದರಿಂದ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಭಾಲ್ಕಿ. ಮೇಲಿನ ನುಡಿ ಒಂದು, ಒಳಗಿನ ತಿರುಳು ಇನ್ನೊಂದು ಎಂಬುದು ಆ ಊರಿನವರಿಗೆ ಹೊಸದಲ್ಲ. ಭಾಷೆಯ ವೇಷ ಹಾಕಿ ಅವರನ್ನು ಏಮಾರಿಸುವುದು ಕಷ್ಟ.

'ಛೋರಿ'ಗೆ 2025ರಲ್ಲಿ ಎರಡನೆಯ ಭಾಗವೂ ಬಂದಿದೆ, ಈಗ ಸೋಹಾ ಅಲಿ ಖಾನ್ ಸೇರಿಕೊಂಡಿದ್ದಾರೆ. ಹಿಂದಿ ಎಷ್ಟು ಬೇಕಾದರೂ ಮುಂದುವರಿಸಲಿ. ನನಗಿರುವ ಆಸೆ ಬೇರೆ: 'ಲಪಾಛಪಿ' ಕನ್ನಡಕ್ಕೆ ಬರಬೇಕು, ಮಾಡುವುದಾದರೆ ಫುರಿಯಾ ಅವರೇ ಮಾಡಬೇಕು. ಮಾಂಜ್ರಾ ದಂಡೆಯ ಕಬ್ಬಿನಲ್ಲಿ, ಕಟಾವಿಗೆ ಮುಂಚೆ, ಯಾರೂ ಗುರುತಿಸದ ಹುಡುಗಿಯನ್ನು ನಾಯಕಿ ಮಾಡಿ. ಡ್ರೋನ್ ಬೇಡ. ತುಳಸಾಬಾಯಿಯ ಪಾತ್ರಕ್ಕೆ ಮಾತ್ರ ಈ ಕಡೆಯ ನಾಟಕ ಕಂಪನಿಗಳಲ್ಲಿ ಪಳಗಿದ ಹೆಂಗಸನ್ನೇ ಹುಡುಕಬೇಕು, ಅರ್ಧ ಮರಾಠಿ ಬೆರೆತ ಕನ್ನಡದಲ್ಲಿ "ಉಣ್ಣವ್ವ, ಕೂಸಿಗೆ ಬೇಕಲ್ಲ" ಅನ್ನಲು ಬರಬೇಕು. ಆಕೆ ಬೆಂಗಳೂರಿನ ಧಾರಾವಾಹಿಯ ಅತ್ತೆಯ ಕನ್ನಡ ಆಡಿದರೆ ಭಾಲ್ಕಿಯವರು ಇಂಟರ್ವಲ್ಲಿಗೂ ಕಾಯುವುದಿಲ್ಲ, ಎದ್ದು ಚಹಾ ಕುಡಿಯಲು ಹೋಗುತ್ತಾರೆ.